ಎದೆಮಟ್ಟದ ನೀರಿನಲ್ಲಿ ಈಜು ಬಲ್ಲ ಹುಡುಗ ಮುಳುಗಿದ್ದು ಹೇಗೆ?

ಪ್ರಶ್ನೆ: ಡಾಕ್ಟರ್ ಸಾಹೇಬ್ರೇ, ನಮ್ದು ಭಾಲ್ಕಿ ತಾಲ್ಲೂಕು. ಎಳ್ಳ ಅಮವಾಸಿ ದಿನ ಹೊಲದಾಗ ಚರಗ ಚೆಲ್ಲಿ, ಊಟ ಮುಗಿಸಿ ಕುಂತಿದ್ವಿ. ಬಾಜೂ ಹೊಲದವರ ಹುಡುಗ, ಹತ್ತೊಂಬತ್ತು ವರ್ಷ, ಕೃಷಿ ಹೊಂಡದಾಗ ಜಿಗದ. ಬಾವ್ಯಾಗ ಈಸಿ ಬೆಳದ ಹುಡುಗ. ಹೊಂಡದಾಗ ಇದ್ದದ್ದು ಎದಿಮಟ ನೀರು. ಒಂದು ಸಲ ತಲಿ ಮ್ಯಾಲ ಬಂತು, ಆಮ್ಯಾಲ ಕಾಣಲಿಲ್ಲ. ಒದರಲಿಲ್ಲ, ಕೈ ಬೀಸಲಿಲ್ಲ. ಚಾಷ್ಟಿ ಮಾಡ್ತಾನ ಅಂತ ನಾವು ನಕ್ಕೋತ ಕುಂತಿದ್ವಿ. ಮ್ಯಾಲ ತೆಗೆದ ಮ್ಯಾಲ ಒಬ್ಬರು ಹೊಟ್ಟಿ ಒತ್ತಿದರು, ಒಬ್ಬರು ಹೆಗಲ ಮ್ಯಾಲ ಹಾಕ್ಕೊಂಡು ಓಡಿದರು, ಒಬ್ಬರು ಉಪ್ಪು ತರಸ್ರಿ ಅಂದರು. ಉಳೀಲಿಲ್ಲ. ಹಿರಿಯರು ನೀರು ಬಲಿ ತಗೊಂತು ಅಂತಾರ. ನನಗ ತಿಳೀವಲ್ದು. ಎದಿಮಟ ನೀರಾಗ ಈಸು ಬರೋ ಹುಡುಗ ಹ್ಯಾಂಗ ಮುಳಗ್ತಾನ? ಇನ್ನೊಂದು: ನನ್ನ ಮಗನಿಗೆ ಫಿಟ್ಸ್ ಅದ, ಗುಳಿಗಿ ನಡದಾವ. ಸಂಕ್ರಾಂತಿಗಿ ಹೊಳಿ ಸ್ನಾನಕ್ಕ ಕರಕೊಂಡು ಹೋಗಬೇಕೋ ಬ್ಯಾಡೋ?

ಉತ್ತರ: ನೀವು ನಕ್ಕಿದ್ದನ್ನು ಮುಚ್ಚಿಡದೆ ಬರೆದಿದ್ದೀರಿ. ಅಲ್ಲಿಂದಲೇ ಶುರು ಮಾಡುತ್ತೇನೆ, ಯಾಕಂದರೆ ಆ ಸಾಲು ನಿಮ್ಮನ್ನು ರಾತ್ರಿ ಮಲಗಲು ಬಿಡುತ್ತಿಲ್ಲ ಅಂತ ಗೊತ್ತಾಗುತ್ತದೆ. ಮುಳುಗುವ ಮನುಷ್ಯ ದಡದಲ್ಲಿ ಕೂತವರಿಗೆ ಹಾಗೆಯೇ ಕಾಣುತ್ತಾನೆ. ಸಿನಿಮಾದಲ್ಲಿ ಮುಳುಗುವವರು ಎರಡೂ ಕೈ ಎತ್ತಿ 'ಕಾಪಾಡಿ' ಎಂದು ಕೂಗುತ್ತಾರೆ. ನಾವೆಲ್ಲ ಅದನ್ನೇ ನೋಡಿ ಬೆಳೆದವರು. ಕೂಗಬೇಕಾದರೆ ಎದೆಯಲ್ಲಿ ಉಸಿರಿರಬೇಕು. ಬಾಯಿ ನೀರಿನ ಮೇಲೆ ಬಂದ ಅರೆಗಳಿಗೆಯಲ್ಲಿ ಅವನು ಉಸಿರು ಒಳಗೆಳೆಯಬೇಕೋ, ಕೂಗಬೇಕೋ? ದೇಹ ಉಸಿರನ್ನೇ ಆರಿಸಿಕೊಳ್ಳುತ್ತದೆ. ಕೈಗಳೂ ಅವನ ಮಾತು ಕೇಳುವುದಿಲ್ಲ. ತಮ್ಮಷ್ಟಕ್ಕೆ ಎರಡೂ ಬದಿಗೆ ಚಾಚಿಕೊಂಡು ನೀರನ್ನು ಕೆಳಗೆ ಒತ್ತುತ್ತವೆ, ಏಣಿ ಹತ್ತುವವರಂತೆ. ಅಮೆರಿಕದ ಫ್ರಾಂಕ್ ಪಿಯಾ ಎಂಬ ಜೀವರಕ್ಷಕ ನ್ಯೂಯಾರ್ಕಿನ ಕಡಲತೀರದಲ್ಲಿ ಮುಳುಗುವವರನ್ನು ವರ್ಷಗಟ್ಟಲೆ ಗಮನಿಸಿ, ಚಿತ್ರೀಕರಿಸಿ ಇದನ್ನು ವಿವರಿಸಿದರು. ಹೀಗೆ ಒದ್ದಾಡುವ ಅವಧಿ 20ರಿಂದ 60 ಸೆಕೆಂಡ್. ಸದ್ದಿಲ್ಲ, ಕೈಬೀಸುವಿಕೆ ಇಲ್ಲ. ನಿಮ್ಮಂತೆ ದಡದಲ್ಲಿದ್ದೂ ಗೊತ್ತಾಗದೇ ಹೋದ ತಂದೆತಾಯಿಗಳನ್ನು ನಾನು ಎಷ್ಟೋ ಸಲ ಎದುರಿಗೆ ಕೂರಿಸಿಕೊಂಡು ಮಾತಾಡಿದ್ದೇನೆ.

ಇನ್ನು ಪ್ರಶ್ನೆಗೆ. ಆ ಹುಡುಗನ ಮರಣೋತ್ತರ ವರದಿ ನನ್ನ ಮುಂದಿಲ್ಲ, ಆದ್ದರಿಂದ ಅವನಿಗೆ ಖಂಡಿತ ಹೀಗೇ ಆಯಿತು ಎಂದು ಹೇಳಲಾರೆ. ನೀವು ಬರೆದಿರುವುದರಲ್ಲಿ ಮೂರು ವಿಷಯ ನನ್ನ ಕಣ್ಣಿಗೆ ಬಿದ್ದವು: ಎಳ್ಳ ಅಮಾವಾಸ್ಯೆ ಅಂದರೆ ಚಳಿಗಾಲ, ಜಿಗಿದ ಅಂದರೆ ತಲೆಸಮೇತ ಒಮ್ಮೆಲೇ ನೀರೊಳಗೆ, ಮತ್ತು ಕೃಷಿ ಹೊಂಡ ಅಂದರೆ ಪ್ಲಾಸ್ಟಿಕ್ ಹಾಳೆ. ಈ ಮೂರೂ ಕೂಡಿದ ಕಡೆ ನೀರು ಎದೆಮಟ್ಟವೋ ಆಳುದ್ದವೋ ಎಂಬ ಪ್ರಶ್ನೆ ಹಿಂದೆ ಬೀಳುತ್ತದೆ.

'ನೀರಿಗಿಳಿದ ಮೇಲೆ ಚಳಿಯೇನು ಮಳೆಯೇನು' ಎಂಬ ಗಾದೆ ಬದುಕಿನ ಮಟ್ಟಿಗೆ ಸರಿ. ನೀರಿನ ಮಟ್ಟಿಗೆ ತಪ್ಪು. ನೀರಿಗೆ ಇಳಿದ ಮೇಲಿನ ಮೊದಲ ಒಂದು ನಿಮಿಷದಲ್ಲಿ ಚಳಿಯೇ ಎಲ್ಲ. ತಣ್ಣೀರು ಚರ್ಮಕ್ಕೆ ತಾಗಿದ ಕೂಡಲೇ, ನಾವು ಕೇಳಿದರೂ ಕೇಳದಿದ್ದರೂ, ಎದೆ ಒಂದು ದೊಡ್ಡ ಉಸಿರನ್ನು ಒಳಗೆ ಎಳೆದುಕೊಳ್ಳುತ್ತದೆ. ಬೆಳಿಗ್ಗೆ ಬಚ್ಚಲಲ್ಲಿ ಬಿಸಿನೀರು ಎಂದುಕೊಂಡು ಒಂದು ತಂಬಿಗೆ ತಣ್ಣೀರು ಬೆನ್ನಿಗೆ ಸುರಿದುಕೊಂಡಾಗ 'ಹ್ಹಾ' ಎನ್ನುತ್ತೇವಲ್ಲ, ಅದೇ. ಬಚ್ಚಲಲ್ಲಿ ಅದು ನಗುವ ವಿಷಯ. ಇಡೀ ಮೈ ತಣ್ಣೀರಿನಲ್ಲಿದ್ದಾಗ ಆ ಒಂದೇ ಏದುಸಿರು ಎರಡು ಮೂರು ಲೀಟರ್‌ನಷ್ಟಿರಬಹುದು. ಆ ಗಳಿಗೆಯಲ್ಲಿ ಬಾಯಿ ನೀರಿನ ಕೆಳಗಿದ್ದರೆ ಒಳಗೆ ಹೋಗುವುದು ಗಾಳಿಯಲ್ಲ. ಪುಪ್ಪಸಕ್ಕೆ ನೀರು ಲೀಟರ್‌ಗಟ್ಟಲೆ ಬೇಕಾಗಿಲ್ಲ. ಮೈತೂಕದ ಕಿಲೋ ಒಂದಕ್ಕೆ ಎರಡು ಮೂರು ಮಿಲಿಲೀಟರ್ ಹೊಕ್ಕರೂ, ಅಂದರೆ ಅಂಥ ಹುಡುಗನಿಗೆ ಒಂದು ಸಣ್ಣ ಲೋಟದಷ್ಟು, ರಕ್ತಕ್ಕೆ ಆಮ್ಲಜನಕ ಸೇರುವುದು ಹಾಳಾಗುತ್ತದೆ.

ಆ ಮೊದಲ ಉಸಿರಿನ ಹಿಂದೆಯೇ ನಾಯಿ ಓಡಿ ಬಂದು ತೇಕುವಂಥ ಉಸಿರಾಟ ಶುರುವಾಗುತ್ತದೆ. ಬೆಚ್ಚಗಿನ ಜಾಗದಲ್ಲಿ ಸುಮಾರು ಒಂದು ನಿಮಿಷ ಉಸಿರು ಹಿಡಿಯಬಲ್ಲವನು ಕೊರೆಯುವ ನೀರಿನಲ್ಲಿ ಹತ್ತು ಸೆಕೆಂಡ್ ಕೂಡ ಹಿಡಿಯಲಾರ. ಈಜು ಅಂದರೆ ಕೈಗೂ ಉಸಿರಿಗೂ ಇರುವ ತಾಳ. ತಾಳ ತಪ್ಪಿದ ಮೇಲೆ ಬಾವಿಯಲ್ಲಿ ಕಲಿತ ವಿದ್ಯೆ ಆ ಒಂದೆರಡು ನಿಮಿಷ ಕೈಗೆ ಸಿಗುವುದಿಲ್ಲ. ಇಂಗ್ಲೆಂಡಿನ ಪೋರ್ಟ್ಸ್‌ಮತ್ ವಿಶ್ವವಿದ್ಯಾಲಯದ ಮೈಕ್ ಟಿಪ್ಟನ್ ದಶಕಗಳಿಂದ ಇದನ್ನೇ ಅಧ್ಯಯನ ಮಾಡುತ್ತ ಬಂದವರು. ತಣ್ಣೀರಿನಲ್ಲಿ ಸಾಯುವವರು ಮೈ ಹೆಪ್ಪುಗಟ್ಟಿ ಸಾಯುತ್ತಾರೆ ಎಂದು ಹಿಂದೆ ನಂಬಿದ್ದರು. ಎಷ್ಟೋ ಜನ ಮೈ ತಣ್ಣಗಾಗುವುದಕ್ಕೂ ಬಹಳ ಮುಂಚೆ, ಮೊದಲ ಕೆಲವೇ ನಿಮಿಷಗಳಲ್ಲಿ, ಉಸಿರು ಕೈತಪ್ಪಿ ಹೋಗುತ್ತಾರೆ ಎಂಬುದು ಇಂಥ ಕೆಲಸದಿಂದ ಗೊತ್ತಾಯಿತು.

ನಮ್ಮ ಕಡೆ ಅಷ್ಟು ಚಳಿ ಎಲ್ಲಿದೆ ಎಂದು ಕಲಬುರಗಿಯವರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಈ ಆಘಾತ ಅತಿ ಜೋರಾಗಿರುವುದು 10ರಿಂದ 15 ಡಿಗ್ರಿಯ ನೀರಿನಲ್ಲಿ. ನಮ್ಮ ಕೆರೆ ಬಾವಿಗಳು ಅಷ್ಟು ತಣ್ಣಗಾಗುವುದು ಅಪರೂಪ. ಆದರೆ ಅದು ಶುರುವಾಗುವುದು 25 ಡಿಗ್ರಿಯ ಆಸುಪಾಸಿನಲ್ಲೇ, ಮತ್ತು ನೀರು ತಣ್ಣಗಾದಷ್ಟೂ ಏರುತ್ತ ಹೋಗುತ್ತದೆ. ಬೀದರ್ ಎತ್ತರದ ಮೇಲಿರುವ ಊರು, ರಾಜ್ಯದಲ್ಲೇ ಹೆಚ್ಚು ಚಳಿ ಬೀಳುವ ಜಿಲ್ಲೆಗಳಲ್ಲಿ ಒಂದು. 1901ರ ಜನವರಿಯಲ್ಲಿ ಅಲ್ಲಿ 2.9 ಡಿಗ್ರಿ ದಾಖಲಾಗಿದೆ. ಈಗಲೂ ಡಿಸೆಂಬರ್ ಬೆಳಗಿನ ಜಾವ ಗಾಳಿ 10 ಡಿಗ್ರಿಯ ಹತ್ತಿರ ಬರುವ ದಿನಗಳಿವೆ. ಆಳವಾದ ಬಾವಿಯ ನೀರು ಭೂಮಿಯ ಬಿಸಿಯಲ್ಲಿ ಚಳಿಗಾಲಕ್ಕೆ ಉಗುರುಬೆಚ್ಚಗೆ ಇರುತ್ತದೆ, ಅದು ಎಲ್ಲರಿಗೂ ಗೊತ್ತು. ಮುಂಜಾನೆ ಬಾವಿಯಿಂದ ಹಬೆ ಏಳುವುದನ್ನು ನೋಡಿಯೇ ಇರುತ್ತೀರಿ. ಬಯಲಲ್ಲಿ ಬಿದ್ದುಕೊಂಡಿರುವ ಮೂರು ನಾಲ್ಕು ಅಡಿ ನೀರಿಗೆ ಆ ಅನುಕೂಲ ಇಲ್ಲ. ಅದು ರಾತ್ರಿಯಿಡೀ ಆಕಾಶಕ್ಕೆ ಬಿಸಿ ಬಿಟ್ಟುಕೊಡುತ್ತದೆ. ಅಂದರೆ ಬಾವಿಯಲ್ಲಿ ಈಸಿ ಬೆಳೆದ ಹುಡುಗನಿಗೆ ಚಳಿಗಾಲದ ಹೊಂಡ ಪರಿಚಯದ ನೀರೇ ಅಲ್ಲ. ಇದು ನನಗೆ ಬಹಳ ಮುಖ್ಯ ಅನ್ನಿಸುತ್ತದೆ. 'ಅವನಿಗೆ ಈಸು ಬರ್ತಿತ್ತು' ಎನ್ನುವಾಗ ಯಾವ ನೀರಿನಲ್ಲಿ ಬರುತ್ತಿತ್ತು ಎಂದು ಯಾರೂ ಕೇಳುವುದಿಲ್ಲ.

ಬೇಸಿಗೆಯಲ್ಲಿ ಇದು ಬೇರೆ ವೇಷ ಹಾಕಿಕೊಂಡು ಬರುತ್ತದೆ. ಚರ್ಮ ಎಷ್ಟು ಬೇಗ ತಣ್ಣಗಾಗುತ್ತದೆ ಎಂಬುದರ ಮೇಲೆ ಆಘಾತದ ಜೋರು ನಿಂತಿದೆ. ಮೇ ತಿಂಗಳಲ್ಲಿ ಶಹಾಬಾದ್, ಚಿತ್ತಾಪುರ, ಸೇಡಂ ಕಡೆ 42 ಡಿಗ್ರಿ ಬಿಸಿಲಲ್ಲಿ ಕಾದ ಮೈ. ಪಕ್ಕದಲ್ಲಿ ನೆಲಕ್ಕೆ ಹಾಸುವ ಪರ್ಸಿ ಕಲ್ಲು ತೆಗೆದು ಬಿಟ್ಟುಹೋದ ಖಣಿ, ತುಂಬ ಹಸಿರು ನೀರು. ಮೇಲಿನ ಎರಡು ಮೂರು ಅಡಿ ಬಿಸಿಲಿಗೆ ಕಾದು ಬೆಚ್ಚಗಿರುತ್ತದೆ. ಕೈ ಅದ್ದಿ ನೋಡಿದರೆ ಹಿತ. ಬಿಸಿನೀರು ಹಗುರ, ತಣ್ಣೀರು ಭಾರ, ಗಾಳಿ ತಾಗದ ಖಣಿಯಲ್ಲಿ ಎರಡೂ ಬೆರೆಯುವುದಿಲ್ಲ. ಮೇಲಿನಿಂದ ಜಿಗಿದವನು ಬೆಚ್ಚಗಿನ ಪದರ ದಾಟಿ ಕೆಳಗಿನ ತಣ್ಣನೆಯ ಪದರಕ್ಕೆ ತಲೆಯ ಸಮೇತ ಹೋಗಿ ಬಿದ್ದಾಗ ಆ ಏದುಸಿರು ಬರುವುದು ನೀರಿನ ಅಡಿಯಲ್ಲಿ. ಶಹಾಬಾದ್ ಖಣಿಗಳಲ್ಲಿ ಇನ್ನೊಂದು ತೊಂದರೆ ಇದೆ. ಈ ಕಲ್ಲು ಪದರ ಪದರವಾಗಿ ಏಳುವುದರಿಂದ ಖಣಿಯ ತಳ ಮೆಟ್ಟಿಲಿನಂತೆ ಇರುತ್ತದೆ. ಒಂದು ಕಡೆ ಮೊಣಕಾಲುದ್ದ, ಒಂದು ಹೆಜ್ಜೆ ಆಚೆ ಹದಿನೈದು ಅಡಿ. ತಲೆ ಕೆಳಗಾಗಿ ಹಾರಿದವನ ತಲೆ ಆ ಮೆಟ್ಟಿಲಿಗೆ ಬಡಿದರೆ ಕುತ್ತಿಗೆಯ ಮೂಳೆ ಮುರಿದು ಕೈಕಾಲು ಅಲ್ಲಿಯೇ ನಿಲ್ಲುತ್ತವೆ. ಪ್ರಜ್ಞೆ ಇರುತ್ತದೆ, ಮೊಣಕಾಲುದ್ದ ನೀರಿರುತ್ತದೆ, ಮುಖ ಎತ್ತಲಿಕ್ಕೆ ಆಗುವುದಿಲ್ಲ. ಇದಕ್ಕಿಂತ ಕ್ರೂರವಾದ ಸಾವು ನನಗೆ ಗೊತ್ತಿಲ್ಲ. ಬದುಕಿದವರೂ ಹಾಸಿಗೆ ಹಿಡಿದವರೇ.

ಮರಣೋತ್ತರ ಪರೀಕ್ಷೆಯಲ್ಲಿ ಪುಪ್ಪಸದಲ್ಲಿ ಹೆಚ್ಚು ನೀರೇ ಇರಲಿಲ್ಲ ಎಂದು ಕೆಲವರು ಹೇಳುವುದುಂಟು. ಅದಕ್ಕೂ ಕಾರಣ ಇದೆ. ತಣ್ಣೀರು ಮೈಗೆ ತಾಗಿದರೆ ಹೃದಯ ಓಡು ಎಂಬ ಆಜ್ಞೆ ಪಡೆಯುತ್ತದೆ. ಮುಖ ನೀರಿನಲ್ಲಿ ಮುಳುಗಿ ಉಸಿರು ಕಟ್ಟಿದರೆ ನಿಧಾನ ಹೊಡೆ ಎಂಬ ಆಜ್ಞೆ ಬರುತ್ತದೆ. ನೀರಿನಲ್ಲಿ ಮುಳುಗಿ ಬದುಕುವ ಪ್ರಾಣಿಗಳಿಗೆ ಇರುವ ಗುಣ ನಮ್ಮಲ್ಲೂ ಸ್ವಲ್ಪ ಉಳಿದಿದೆ. ಎರಡೂ ಆಜ್ಞೆ ಒಟ್ಟಿಗೆ ಬಂದಾಗ ಎತ್ತಿಗೆ ಬಾರುಕೋಲಿನ ಏಟು ಹಾಕುತ್ತಲೇ ಮೂಗುದಾರ ಜಗ್ಗಿದಂತೆ ಆಗುತ್ತದೆ. ಆರೋಗ್ಯವಂತರಲ್ಲಿ ಬಡಿತದ ಲಯ ಒಂದು ಗಳಿಗೆ ತಪ್ಪಿ ಸರಿಹೋಗುತ್ತದೆ. ಹುಟ್ಟಿನಿಂದ ಹೃದಯದ ವಿದ್ಯುತ್ ವ್ಯವಸ್ಥೆಯಲ್ಲಿ ದೋಷವಿದ್ದು ಅದು ಯಾರಿಗೂ ಗೊತ್ತಿರದ ಹುಡುಗರಲ್ಲಿ, ರಕ್ತನಾಳ ಕಟ್ಟಿಕೊಂಡ ವಯಸ್ಸಾದವರಲ್ಲಿ, ಕುಡಿದವರಲ್ಲಿ ಕೆಲವೊಮ್ಮೆ ಸರಿಹೋಗುವುದಿಲ್ಲ. ನಿಂತ ಹೃದಯ ಆಮೇಲೆ ಯಾವ ಗುರುತನ್ನೂ ಉಳಿಸುವುದಿಲ್ಲ. 'ನೀರು ಬಲಿ ತಗೊಂತು' ಎಂಬ ಮಾತು ಹುಟ್ಟಿದ್ದು ಬಹುಶಃ ಇಂಥ ಸಾವುಗಳಿಂದ. ಹಿರಿಯರನ್ನು ನಾನು ಬೈಯುವುದಿಲ್ಲ. ಕಂಡದ್ದನ್ನು ಕಂಡಂತೆ ಹೇಳಿದ್ದಾರೆ. ಭಜ್ಜಿ, ಅಂಬಲಿ, ಸಜ್ಜಿ ರೊಟ್ಟಿ ಹೊಟ್ಟೆ ತುಂಬ ಉಂಡು ನೀರಿಗಿಳಿದದ್ದೇ ತಪ್ಪಾಯಿತು ಅಂತ ನಿಮ್ಮ ಊರಲ್ಲೂ ಯಾರಾದರೂ ಅಂದೇ ಇರುತ್ತಾರೆ. ಉಂಡವರು ಮುಳುಗುತ್ತಾರೆ ಎನ್ನುವುದಕ್ಕೆ ಆಧಾರ ಇಲ್ಲ. ಆ ತಾಯಿಗೆ ಈ ಒಂದು ಮಾತನ್ನಾದರೂ ಮುಟ್ಟಿಸಿ. ಬಡಿಸಿದವಳು ಅವಳೇ ಇರಬೇಕಲ್ಲ.

ಈಗ ಹೊಂಡ. ಹೊಂಡಕ್ಕೆ ಸಹಾಯಧನ ಕೊಡುವ ಸರ್ಕಾರದ ಕೃಷಿ ಭಾಗ್ಯ ಯೋಜನೆ ಬಂದ 2014ರ ನಂತರ ನಮ್ಮ ಜಿಲ್ಲೆಗಳ ಹೊಲಗಳಲ್ಲಿ ಇವು ಎಷ್ಟೋ ಆಗಿವೆ. ಬೆಳೆಗೆ ಒಳ್ಳೆಯದೇ, ನಾನು ಹೊಂಡದ ವಿರೋಧಿ ಅಲ್ಲ. ಆದರೆ ಬಾವಿಗೆ ಪಾವಟಿಗೆ, ಅಂದರೆ ಮೆಟ್ಟಿಲು, ಇರುತ್ತದೆ, ಇಲ್ಲವೇ ಕಲ್ಲಿನ ಸಂದಿ ಇರುತ್ತದೆ, ಬೇರು ಇರುತ್ತದೆ. ಹೊಂಡದಲ್ಲಿ ಹಿಡಿಯಲಿಕ್ಕೆ ಏನೂ ಇಲ್ಲ. ಇಳಿಜಾರು ಬದು, ಅದರ ಮೇಲೆ ಕಪ್ಪು ಪ್ಲಾಸ್ಟಿಕ್, ಪ್ಲಾಸ್ಟಿಕ್ ಮೇಲೆ ಪಾಚಿ. ಒಂದು ಹೆಜ್ಜೆ ಮೇಲೆ ಇಟ್ಟರೆ ಎರಡು ಹೆಜ್ಜೆ ಕೆಳಗೆ ಜಾರುತ್ತೀರಿ. ಎಮ್ಮೆ ಬಿದ್ದರೂ ಹಗ್ಗ ಕಟ್ಟಿಯೇ ಎತ್ತಬೇಕು.

'ಎದೆಮಟ್ಟ ನೀರು, ಎದ್ದು ನಿಂತಿದ್ದರೆ ಸಾಕಿತ್ತಲ್ಲ' ಎಂದು ನಿಮಗೆ ಅನ್ನಿಸುತ್ತಿದೆ. ಎಲ್ಲರಿಗೂ ಅನ್ನಿಸುತ್ತದೆ. ನೀರಿನಲ್ಲಿ ನಿಲ್ಲುವುದು ನೆಲದ ಮೇಲೆ ನಿಂತಂತಲ್ಲ. 60 ಕಿಲೋ ಮನುಷ್ಯ ಎದೆಮಟ್ಟದ ನೀರಿನಲ್ಲಿ ನಿಂತರೆ ಅವನ ಪಾದಗಳ ಮೇಲೆ ಬೀಳುವ ಭಾರ ಸುಮಾರು 20 ಕಿಲೋ. ಮಿಕ್ಕಿದ್ದನ್ನು ನೀರು ಎತ್ತಿ ಹಿಡಿದಿರುತ್ತದೆ. ನೀರು ಕುತ್ತಿಗೆಗೆ ಬಂದರೆ ಪಾದಕ್ಕೆ ಉಳಿಯುವುದು ಐದಾರು ಕಿಲೋ. ಅಷ್ಟೇ ಭಾರದಲ್ಲಿ ಪಾಚಿ ಹಿಡಿದ ಪ್ಲಾಸ್ಟಿಕ್ ಮೇಲೆ ಕಾಲು ಊರಿ ನೋಡಿ. ಜೊತೆಗೆ ಎದೆಮಟ್ಟ ಅನ್ನುವುದು ಬದುವಿನ ಹತ್ತಿರದ ಲೆಕ್ಕ. ಇಳಿಜಾರಿನಲ್ಲಿ ಒಂದು ಮೊಳ ಜಾರಿದರೆ ಅದೇ ನೀರು ಗಲ್ಲಕ್ಕೆ ಬರುತ್ತದೆ, ಇನ್ನೊಂದು ಮೊಳಕ್ಕೆ ಮೂಗಿಗೆ. ಪೂರ್ತಿ ತುಂಬಿದ ಹೊಂಡಕ್ಕಿಂತ ಅರ್ಧ ಖಾಲಿಯಾದ ಹೊಂಡ ಹೆಚ್ಚು ಅಪಾಯ ಎಂದರೆ ಜನ ನಂಬುವುದಿಲ್ಲ. ತುಂಬಿದಾಗ ಅಂಚು ಕೈಗೆ ಎಟಕುತ್ತದೆ. ಅರ್ಧವಾದಾಗ ಅಂಚು ತಲೆಯ ಮೇಲೆ ಇರುತ್ತದೆ.

ಆದ್ದರಿಂದ ಹೊಂಡ ಇರುವ ಪ್ರತಿಯೊಬ್ಬರಿಗೂ ನಾನು ಹೇಳುವುದು: ನಾಲ್ಕೂ ಬದುವಿನಲ್ಲಿ ಗೂಟ ಹೊಡೆದು, ಮೊಳಕ್ಕೊಂದು ಗಂಟು ಹಾಕಿದ ದಪ್ಪ ಹಗ್ಗವನ್ನು ತಳದವರೆಗೆ ಇಳಿಬಿಡಿ. ಒಂದು ಹಗ್ಗ ಸಾಲದು, ನಾಲ್ಕು ಬೇಕು, ಯಾಕಂದರೆ ಬಿದ್ದವನು ಹೊಂಡ ಈಜಿಕೊಂಡು ಆಚೆ ದಡದ ಹಗ್ಗ ಹಿಡಿಯಲಾರ. ಹಳೆಯ ಟೈರುಗಳನ್ನು ಒಂದರ ಕೆಳಗೆ ಒಂದು ಕಟ್ಟಿ ಇಳಿಬಿಟ್ಟರೆ ಇನ್ನೂ ಒಳ್ಳೆಯದು, ಏಣಿಯೇ ಆಗುತ್ತದೆ. ಬಾಯಿ ಬಿಗಿ ಮುಚ್ಚಿದ ಎರಡು ಖಾಲಿ ಎಣ್ಣೆ ಕ್ಯಾನ್‌ಗಳನ್ನು ಬದುವಿನ ಮೇಲೆ ಹಗ್ಗದ ಸಮೇತ ಇಟ್ಟಿರಿ. ಐದು ಲೀಟರಿನ ಕ್ಯಾನ್ ಒಬ್ಬನ ತಲೆಯನ್ನು ನೀರಿನ ಮೇಲೆ ಇಡುತ್ತದೆ. ತಂತಿ ಬೇಲಿಗೆ ಯೋಜನೆಯಲ್ಲೇ ಸಹಾಯಧನ ಇದೆ, ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ. ಆದರೆ ಬೇಲಿ ಬರುವ ತನಕ ಹಗ್ಗಕ್ಕೆ ಕಾಯಬೇಡಿ. ದೊಡ್ಡ ಖರ್ಚಿನ ಮಾತಲ್ಲ.

ನದಿಯ ಕಡೆಯ ಅಪಾಯ ಬೇರೆ ಜಾತಿಯದು, ಬೇಗ ಹೇಳಿ ಮುಗಿಸುತ್ತೇನೆ. ಭೀಮೆಯಲ್ಲಿ ಉಸುಕು ತೋಡಿದ ಗುಂಡಿಗಳ ಮೇಲೆ ಮೊಣಕಾಲುದ್ದ ನೀರು ಹರಿಯುತ್ತಿದ್ದರೆ ಕಣ್ಣಿಗೆ ಎಲ್ಲ ಒಂದೇ ಸಮ. ಕಳೆದ ವರ್ಷ ಸ್ನಾನ ಮಾಡಿದ ಜಾಗ ಈ ವರ್ಷ ಮಡುವಾಗಿರುತ್ತದೆ. ಸೊನ್ನದಂಥ ಬ್ಯಾರೇಜ್‌ಗಳ ಮೇಲಿಂದ ನೀರು ಬೀಳುವಾಗ ಕೆಳಗಿನ ನೀರು ಮುಂದೆ ಹೋಗದೆ ಗೋಡೆಯ ಕಡೆಗೇ ತಿರುಗಿ ಸುತ್ತುತ್ತಿರುತ್ತದೆ, ಸಿಕ್ಕವನನ್ನು ಬಿಡುವುದಿಲ್ಲ. ನಾರಾಯಣಪುರದ ಕಾಲುವೆ ಸಿಮೆಂಟಿನದು, ಬಟ್ಟೆ ಒಗೆಯಲಿಕ್ಕೆ ಇಳಿದವರು ಜಾರಿದರೆ ಕೃಷಿ ಹೊಂಡದ ಕಥೆಯೇ, ಸೆಳವು ಬೇರೆ. ಮಳೆಗಾಲದಲ್ಲಿ ಸೇತುವೆ ಮೇಲೆ ಅರ್ಧ ಅಡಿ ನೀರು ರಭಸವಾಗಿ ಹರಿಯುತ್ತಿದ್ದರೂ ಗಟ್ಟಿಮುಟ್ಟಾದ ಆಳು ಕಾಲು ಕಳೆದುಕೊಳ್ಳುತ್ತಾನೆ.

ಮನೆಯೊಳಗಿನದನ್ನು ಮಾತ್ರ ಬೇಗ ಮುಗಿಸಲಾರೆ. ನಳ ದಿನ ಬಿಟ್ಟು ದಿನ, ಕೆಲವು ಕಡೆ ವಾರಕ್ಕೊಮ್ಮೆ ಬರುವ ನಮ್ಮ ಊರುಗಳಲ್ಲಿ ಪ್ರತಿ ಮನೆಯಲ್ಲೂ ತುಂಬಿದ ಹೌದ (ನೀರಿನ ತೊಟ್ಟಿ), ಬ್ಯಾರಲ್, ಬಕೀಟು ಇರುತ್ತವೆ. ವರ್ಷದ ಕೂಸಿಗೆ ಮೈಗೆ ಹೋಲಿಸಿದರೆ ತಲೆ ಭಾರ. ಬಕೀಟು ಹಿಡಿದು ಒಳಗೆ ಬಗ್ಗಿ ನೋಡಿದರೆ ತಲೆ ಮೊದಲಾಗಿ ಬೀಳುತ್ತದೆ, ಮೇಲೇಳುವ ಶಕ್ತಿ ತೋಳಿನಲ್ಲಿ ಇರುವುದಿಲ್ಲ. ಎರಡು ಇಂಚು ನೀರು ಸಾಕು. ಕೂಸು ಕೂಡ ಸದ್ದು ಮಾಡುವುದಿಲ್ಲ. ತಾಯಿ ಒಳಗೆ ರೊಟ್ಟಿ ಬಡಿಯುತ್ತಿರುತ್ತಾಳೆ, ಬಡಿತದ ಸದ್ದಿನಲ್ಲಿ ಏನೂ ಕೇಳಿಸುವುದಿಲ್ಲ, ಕೇಳಿಸುವಂಥದ್ದು ಏನೂ ಇರುವುದೂ ಇಲ್ಲ.

ನೀವು ಕೇಳಿಲ್ಲ, ಆದರೂ ಎತ್ತಿದ ಮೇಲೆ ನಡೆದದ್ದರ ಬಗ್ಗೆ ಹೇಳಲೇಬೇಕು. ಮೊದಲು ನನ್ನದೇ ತಪ್ಪು ಹೇಳಿಬಿಡುತ್ತೇನೆ. ಕೆಲಸಕ್ಕೆ ಸೇರಿದ ಮೊದಲ ವರ್ಷ, ಹೌದದಿಂದ ಎತ್ತಿದ ಒಂದು ಕೂಸನ್ನು ತಂದಾಗ ನಾನೂ ಅದನ್ನು ಬೋರಲು ಮಾಡಿ ಬೆನ್ನು ತಟ್ಟುತ್ತ ನೀರು ಬರಲಿ ಎಂದು ಕಾದೆ. ವಯಸ್ಸಾದ ಸಿಸ್ಟರ್ ಒಬ್ಬರು ನನ್ನ ಕೈಯಿಂದ ಕೂಸನ್ನು ಕಸಿದು ಮೇಜಿನ ಮೇಲೆ ಅಂಗಾತ ಮಲಗಿಸಿ ಬಾಯಿಗೆ ಬಾಯಿಟ್ಟು ಊದಿದರು. ಕೂಸು ಅತ್ತಿತು. ನಾನು ಡಾಕ್ಟರ್, ಅವರು ಸಿಸ್ಟರ್. ಆ ದಿನ ಕಲಿತದ್ದನ್ನೇ ಈವರೆಗೂ ಹೇಳಿಕೊಂಡು ಬಂದಿದ್ದೇನೆ.

ಮುಳುಗಿದವನಿಗೆ ಬೇಕಾಗಿರುವುದು ಗಾಳಿ. ಹೊಟ್ಟೆ ಒತ್ತಿದರೆ ಬರುವುದು ಹೊಟ್ಟೆಯ ನೀರು ಮತ್ತು ಉಂಡ ಅನ್ನ. ಅದೇ ಗಂಟಲಿಗೆ ಬಂದು ಪುಪ್ಪಸಕ್ಕೆ ಇಳಿಯುತ್ತದೆ. ಹೆಗಲ ಮೇಲೆ ಹಾಕಿಕೊಂಡು ಓಡಿದರೂ ಅಷ್ಟೇ, ಜೊತೆಗೆ ಕೈಲಿದ್ದ ನಿಮಿಷಗಳು ಹೋಗುತ್ತವೆ. ಉಪ್ಪಿನ ವಿಷಯ: ಹೆಣವನ್ನು ಉಪ್ಪಿನಲ್ಲಿ ಹೂತಿಟ್ಟರೆ ನೀರು ಹೀರಿ ಜೀವ ಬರುತ್ತದೆ ಎಂಬ ವಾಟ್ಸ್‌ಆ್ಯಪ್ ಸಂದೇಶ ವರ್ಷಗಳಿಂದ ಸುತ್ತುತ್ತಿದೆ. 2022ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಒಬ್ಬ ಬಾಲಕನನ್ನು ತಾಸುಗಟ್ಟಲೆ ಉಪ್ಪಿನಲ್ಲಿ ಇಟ್ಟು ಕಾದರು. ಆ ತಂದೆತಾಯಿಯನ್ನು ಏನೆಂದು ಬೈಯುವುದು? ಸಂದೇಶ ಹರಡಿದವರನ್ನು ಬೈಯಬೇಕು.

ಅಂಗಾತ ಮಲಗಿಸಿ. ಹಣೆ ಹಿಂದಕ್ಕೆ, ಗದ್ದ ಮೇಲಕ್ಕೆ. ಉಸಿರಾಟ ಇಲ್ಲದಿದ್ದರೆ ಮೂಗು ಹಿಡಿದು, ಬಾಯಿಗೆ ಬಾಯಿಟ್ಟು, ಎದೆ ಏಳುವುದು ಕಾಣುವಷ್ಟು ಐದು ಸಲ ಊದಿ. ಆಮೇಲೂ ಮಿಸುಕದಿದ್ದರೆ ಎದೆಯ ನಡುಮಧ್ಯ ಅಂಗೈಯ ಬುಡ (ಮಣಿಕಟ್ಟಿನ ಹತ್ತಿರದ ಭಾಗ) ಇಟ್ಟು ಎರಡು ಇಂಚು ಆಳಕ್ಕೆ, ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ 30 ಸಲ ಒತ್ತಿ, ಮತ್ತೆ ಎರಡು ಸಲ ಊದಿ. ಹೀಗೇ ಬಿಡದೆ. ಹೃದಯ ಹಠಾತ್ತನೆ ನಿಂತವರಿಗೆ ಎದೆ ಒತ್ತಿದರೆ ಸಾಕು ಎಂದು ತರಬೇತಿಗಳಲ್ಲಿ ಹೇಳುತ್ತಾರೆ. ಮುಳುಗಿದವರಿಗೆ ಅದು ಸಾಲದು, ಅವರ ರಕ್ತದಲ್ಲಿ ಆಮ್ಲಜನಕವೇ ಮುಗಿದಿರುತ್ತದೆ. ಬಾಯಲ್ಲಿ ನೊರೆ ಬಂದರೆ ಒರೆಸುತ್ತ ಕೂರಬೇಡಿ, ಅದರ ಮೇಲೆಯೇ ಊದಿ. ವಾಂತಿಯಾದರೆ ಪಕ್ಕಕ್ಕೆ ಹೊರಳಿಸಿ ಬಾಯಿ ತೆಗೆದು ಮತ್ತೆ ಶುರು ಮಾಡಿ. ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ. ಎದ್ದು ಕೂತು ಮಾತಾಡಿದರೂ ಆಸ್ಪತ್ರೆಗೆ ಕರೆದೊಯ್ಯಿರಿ, ಆರರಿಂದ ಎಂಟು ತಾಸು ಅಲ್ಲಿರಲಿ. ನೀರು ಹೊಕ್ಕ ಪುಪ್ಪಸ ಕೆಲವು ತಾಸಿನ ಮೇಲೆ ಕೆಡಬಹುದು.

ವಿದೇಶದಲ್ಲಿ ಮಂಜುಗಡ್ಡೆಯ ಕೆಳಗೆ ಅರ್ಧ ತಾಸು ಇದ್ದ ಮಗು ಬದುಕಿತು ಎಂಬ ಸುದ್ದಿ ಓದಿ, ತಣ್ಣೀರಲ್ಲವೇ, ನಮ್ಮ ಹುಡುಗನಿಗೂ ಹೊತ್ತಿತ್ತು ಎಂದು ಯಾರಾದರೂ ಅಂದರೆ ನಂಬಬೇಡಿ. ಮಿದುಳನ್ನು ಕಾಪಾಡುವಷ್ಟು ತಣ್ಣೀರು ಹಿಮದ ದೇಶಗಳದ್ದು. ನಮ್ಮ ಹೊಂಡದ ನೀರು ಉಸಿರು ಕಸಿಯುವಷ್ಟು ತಂಪು, ಮಿದುಳು ಉಳಿಸುವಷ್ಟು ತಂಪಲ್ಲ. ನಮಗಿರುವುದು ನಾಲ್ಕೈದು ನಿಮಿಷ.

ಒಬ್ಬನನ್ನು ಎತ್ತಲು ಹೋಗಿ ಇಬ್ಬರು ಮೂವರು ಹೋಗುವ ಸುದ್ದಿ ಪೇಪರಿನಲ್ಲಿ ಬರುತ್ತಲೇ ಇರುತ್ತದೆ. ಅಣ್ಣನ ಹಿಂದೆ ತಮ್ಮ, ಮಗಳ ಹಿಂದೆ ತಾಯಿ. ಮುಳುಗುವವನು ಸಿಕ್ಕಿದ್ದನ್ನು ಅಪ್ಪಿ ಹತ್ತುತ್ತಾನೆ, ಅದು ತಾಯಿಯ ಕೊರಳಾದರೂ ಸರಿ. ಕೈ ಕೊಡಬೇಡಿ, ಧೋತರ ಕೊಡಿ, ಸೀರೆ ಎಸೆಯಿರಿ, ಕ್ಯಾನ್ ಎಸೆಯಿರಿ. ನೀವು ದಡದಲ್ಲಿ ಮಲಗಿಕೊಂಡು ಜಗ್ಗಿ. ನಿಂತು ಜಗ್ಗಿದರೆ ನೀವೂ ಒಳಗೆ.

ನೀರಿಗೆ ಇಳಿಯಲೇಬೇಕಾದವರಿಗೆ ನಮ್ಮಲ್ಲೇ ಒಂದು ಒಳ್ಳೆಯ ಪಾಠಶಾಲೆ ಇದೆ. ಬೀದರ್‌ನ ಝರಣಿ ನರಸಿಂಹ ಗುಹೆಯಲ್ಲಿ ಸುಮಾರು 300 ಮೀಟರ್ ಉದ್ದಕ್ಕೆ ಸೊಂಟದಿಂದ ಎದೆಯವರೆಗಿನ ನೀರಿನಲ್ಲಿ, ಕತ್ತಲೆಯಂಥ ಸುರಂಗದಲ್ಲಿ, ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಜನ ನಡೆಯುತ್ತಾರೆ. ಅಲ್ಲಿ ಯಾರೂ ಜಿಗಿಯುವುದಿಲ್ಲ. ಒಂದೊಂದೇ ಮೆಟ್ಟಿಲು ಇಳಿಯುತ್ತಾರೆ, ಒಬ್ಬರ ಹಿಂದೊಬ್ಬರು, ದೇವರ ಹೆಸರು ಕೂಗುತ್ತ. ಕೂಗುವಾಗ ಉಸಿರು ಹೊರಗೆ ಹೋಗುತ್ತಿರುತ್ತದೆ, ಅಷ್ಟು ಹೊತ್ತು ಒಳಗೆಳೆಯಲಿಕ್ಕೆ ಆಗುವುದಿಲ್ಲ. ತಣ್ಣೀರು ಹೊಯ್ದುಕೊಳ್ಳುವಾಗ 'ಹರ ಹರ' ಎನ್ನುವ ನಮ್ಮ ಅಭ್ಯಾಸಕ್ಕೂ ಇದೇ ಕಾರಣ ಇರಬಹುದೆಂದು ನನ್ನ ಊಹೆ, ಪ್ರಮಾಣ ಕೇಳಬೇಡಿ. ಹೊಳೆಗೆ ಹೋದಾಗ ಮೊದಲು ಕಾಲು ತೊಳೆದು, ಬೊಗಸೆ ನೀರು ಮುಖಕ್ಕೆ, ತಲೆಗೆ ಚಿಮುಕಿಸಿ, ಆಮೇಲೆ ಇಳಿಯಬೇಕು ಎನ್ನುತ್ತಿದ್ದ ಅಜ್ಜಿಯ ಶಾಸ್ತ್ರವೂ ಅದೇ ಕೆಲಸ ಮಾಡುತ್ತದೆ. ಚರ್ಮ ಸ್ವಲ್ಪ ಸ್ವಲ್ಪವಾಗಿ ತಣಿದರೆ ಏದುಸಿರು ಸಣ್ಣದಾಗುತ್ತದೆ, ಅದು ಬಂದಾಗ ಬಾಯಿ ನೀರಿನ ಮೇಲಿರುತ್ತದೆ. ರೂಢಿಯೂ ಸಹಾಯ ಮಾಡುತ್ತದೆ: ಐದಾರು ಸಲ, ಸಲಕ್ಕೆ ಎರಡು ಮೂರು ನಿಮಿಷ ತಣ್ಣೀರಿನಲ್ಲಿ ಇದ್ದವರಲ್ಲಿ ಈ ಆಘಾತ ಅರ್ಧದಷ್ಟು ತಗ್ಗುತ್ತದೆ, ತಿಂಗಳುಗಟ್ಟಲೆ ಹಾಗೆ ಉಳಿಯುತ್ತದೆ.

ಆಕಸ್ಮಾತ್ ಬಿದ್ದರೆ? ಈಜಬೇಡಿ. ಮಕ್ಕಳಿಗೆ ಇದನ್ನು ಬಾಯಿಪಾಠ ಮಾಡಿಸಿ, ಕೇಳಲಿಕ್ಕೆ ತಲೆಕೆಳಗು ಅನ್ನಿಸಿದರೂ. ಅಂಗಾತ ಆಗಿ, ಕಿವಿ ನೀರಿನಲ್ಲಿ, ಮುಖ ಆಕಾಶಕ್ಕೆ, ಕೈ ಅಗಲ. ಒಂದರಿಂದ ಒಂದೂವರೆ ನಿಮಿಷ ಹಾಗೆ ತೇಲಿದರೆ ಉಸಿರು ತಾನಾಗಿ ಹಿಡಿತಕ್ಕೆ ಬರುತ್ತದೆ. ಆಮೇಲೆ ಕೂಗಿ, ಆಮೇಲೆ ಈಜಿ, ಆಮೇಲೆ ಹಗ್ಗ ಹುಡುಕಿ. ನಮ್ಮ ಕಡೆ ಬೆಂಡು ಕಟ್ಟಿ, ಕ್ಯಾನ್ ಕಟ್ಟಿ ಬಾವಿಗೆ ತಳ್ಳಿ ಈಸು ಕಲಿಸುತ್ತೇವೆ. ಕೈಕಾಲು ಬಡಿಯುವುದೇ ಮೊದಲ ಪಾಠ. ತೇಲುವುದು ಮೊದಲ ಪಾಠ ಆಗಬೇಕಿತ್ತು ಎಂಬುದು ನನ್ನ ಹಳೆಯ ಹಟ.

ಇನ್ನು ನಿಮ್ಮ ಮಗ. ಫಿಟ್ಸ್ ಇರುವವರು ನೀರಿನಲ್ಲಿ ಸಾಯುವ ಸಾಧ್ಯತೆ ಉಳಿದವರಿಗಿಂತ ಹತ್ತು ಹದಿನೈದು ಪಟ್ಟು ಹೆಚ್ಚು. ನೀರಿನಲ್ಲಿ ಫಿಟ್ಸ್ ಬಂದರೆ ಮೊಣಕಾಲುದ್ದವೂ ಒಂದೇ, ಬಾವಿಯೂ ಒಂದೇ. ಮನೆಯಲ್ಲೂ ಅವನು ಬಚ್ಚಲ ಚಿಲಕ ಹಾಕದೆ, ಟಬ್ಬಿನಲ್ಲಿ ಕೂರದೆ, ತಂಬಿಗೆಯಿಂದಲೇ ಸ್ನಾನ ಮಾಡಲಿ. ಸಂಕ್ರಾಂತಿಗೆ ಕರೆದುಕೊಂಡು ಹೋಗಿ. ಎಳ್ಳು ಹಚ್ಚಿಕೊಂಡು ಹೊಳೆದಂಡೆಯಲ್ಲಿ ಎಲ್ಲರ ಜೊತೆ ಕೂರುವ ಸಂತೋಷವನ್ನು ಅವನಿಂದ ಕಸಿಯಬೇಡಿ. ಆ ಬೆಳಿಗ್ಗೆ ಗುಳಿಗೆ ತಪ್ಪಬಾರದು, ಹಿಂದಿನ ರಾತ್ರಿ ನಿದ್ದೆಗೆಡಬಾರದು. ಜಾತ್ರೆ ನೋಡಲು ರಾತ್ರಿಯಿಡೀ ಎಚ್ಚರ ಇದ್ದರೆ ಫಿಟ್ಸ್ ಬರುವುದು ಹೆಚ್ಚು. ಪಾವಟಿಗೆಯ ಮೇಲೆ, ನೀರಿನಿಂದ ಎರಡು ಮೆಟ್ಟಿಲು ಮೇಲೆ ಕೂರಿಸಿ, ಕೊಡದಲ್ಲಿ ಹೊಳೆ ನೀರು ತುಂಬಿ ತಂದು ನೀವೇ ಹೊಯ್ಯಿರಿ, ಕಾಲಿನಿಂದ ಶುರು ಮಾಡಿ. ಅವನ ಬೆನ್ನಿಗೆ ಒಬ್ಬರು ಇರಲಿ, ಫೋನ್ ಜೇಬಿನಲ್ಲಿಟ್ಟುಕೊಂಡು.